ಹಿಂದಿನ ಗಾಲಿಯ ಗಾಳಿ

ಎಚ್ಚರವಾಗಿರುವ ಕೆಲಸವನ್ನು ಮನುಷ್ಯನು ಮತ್ತೊಬ್ಬರಿಗೆ ಒಪ್ಪಿಸಬಹುದೆ? ಒಪ್ಪಿಸಿದ ಮೇಲೆ ಅವನ ಹೊಣೆಯು ಕಡಮೆಯಾಗುವುದೊ, ಅಥವಾ ಬೇರೊಂದು ರೂಪವನ್ನು ತಾಳಿ ಅವನಲ್ಲಿಯೇ ಉಳಿಯುವುದೊ? ಪ್ರಶ್ನೆಯೇನೋ ಹಳೆಯದು. ಊರು ಮೊದಲ ಬಾರಿಗೆ ಒಬ್ಬ ತಳವಾರನನ್ನು ನೇಮಿಸಿ, ತಾನು ಬಾಗಿಲೆಳೆದುಕೊಂಡು ಮಲಗಿದ ರಾತ್ರಿಯೇ ಇದು ಹುಟ್ಟಿರಬೇಕು. ಆದರೆ ನನ್ನ ಮಟ್ಟಿಗೆ ಇದನ್ನು ಎಬ್ಬಿಸಿದುದು ಶಾಸ್ತ್ರಗ್ರಂಥವೂ ಅಲ್ಲ, ಹಿರಿಯರ ಉಪದೇಶವೂ ಅಲ್ಲ. ಗಾಡಿಯ ಗಾಲಿಗೆ ಹಾಕುವ, ಅಡಕೆಯ ಗಾತ್ರದ ಒಂದು ಮುಚ್ಚಳ.

ನನ್ನ ತಮ್ಮನ ಮಗನು ಅನೇಕ ವರ್ಷಗಳಿಂದ ಅಮೆರಿಕದಲ್ಲಿ ಸಂಸಾರಸಮೇತನಾಗಿ ನೆಲೆಸಿರುವನು. ರಜೆಯ ಕಾಲದಲ್ಲಿ ಮನೆಯನ್ನೇ ಹಿಂದೆ ಕಟ್ಟಿಕೊಂಡು ಹೊರಡುವ ಪದ್ಧತಿಯೊಂದು ಆ ದೇಶದಲ್ಲುಂಟು. ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವೂ ಇರುವ, ಆದರೆ ಎಂಜಿನ್ ಮಾತ್ರ ಇಲ್ಲದ ಗಾಡಿಯದು. ಮುಂದಿನ ಮೋಟಾರು ಅದನ್ನು ಎಳೆಯುವುದು. ನಮ್ಮ ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿಗೆ ಅದು ಸಿರಿವಂತ ನಂಟನೆಂದು ತಿಳಿದರೆ ಸಾಕು. ಕಳೆದ ಬೇಸಗೆಯಲ್ಲಿ ಅವನು ನನಗೆ ಹೀಗೆ ಬರೆದನು: "ದೊಡ್ಡಪ್ಪ, ಈ ಸಲ ನಾವು ಹೊರಡುವುದು ಎರಡು ದಿನ ತಡವಾಯಿತು. ಗಾಲಿಗಳ ಗಾಳಿಯನ್ನು ಕಾಯುವ ಸೆನ್ಸರುಗಳಲ್ಲಿ ಎರಡು ಮಾತನಾಡುತ್ತಿರಲಿಲ್ಲ. ಅವನ್ನು ಸರಿಪಡಿಸದೆ ಮಕ್ಕಳನ್ನು ಕರೆದುಕೊಂಡು ದೂರ ಹೋಗಲು ಮನಸ್ಸೊಪ್ಪಲಿಲ್ಲ."

ಇದನ್ನೋದಿ ನನಗೆ ನಗು ಬಂದಿತು. ಗಾಳಿಯನ್ನು ಕಾಯಲು ಒಂದು ಯಂತ್ರ. ಆ ಯಂತ್ರವನ್ನು ಕಾಯಲು ಒಬ್ಬ ಮನುಷ್ಯ. ಆ ಮನುಷ್ಯನು ಯಂತ್ರದ ಸೇವೆಯಲ್ಲಿ ಎರಡು ದಿನದ ರಜೆಯನ್ನು ಕಳೆಯುವುದು! ಆದರೆ ನಗೆಯು ಮುಗಿಯುವ ಮೊದಲೇ ನಮ್ಮ ಸೊಕ್ಕೆಯ ಹೊಲದ ದಾರಿಯಲ್ಲಿ ನಡೆದ ಸಂಗತಿಯೊಂದು ನೆನಪಾಗಿ, ತುಟಿಯ ಮೇಲಿನ ನಗೆ ತುಟಿಯ ಮೇಲೆಯೇ ನಿಂತಿತು. ಅದನ್ನು ಮುಂದೆ ಹೇಳುವೆನು. ಮೊದಲು ಈ ಯಂತ್ರವು ಏನು, ಏತಕ್ಕೆ ಬಂದಿತು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಗಾಳಿಯ ಮೇಲೆ ಗಾಡಿಯನ್ನು ಓಡಿಸುವುದು ಬಹು ಪುರಾತನವಾದ ವಿದ್ಯೆಯಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಎಂಬಾತನು 1845ರಲ್ಲಿಯೇ ಇಂತಹ ಗಾಲಿಗೆ ಹಕ್ಕುಪತ್ರವನ್ನು ಪಡೆದಿದ್ದರೂ ಅದು ಬಳಕೆಗೆ ಬರಲಿಲ್ಲ. ಬೆಲ್ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರುಗಾಲಿಯ ಬೈಸಿಕಲ್ಲಿಗಾಗಿ ಅದನ್ನು ಮತ್ತೊಮ್ಮೆ ಕಂಡುಹಿಡಿದು 1888ರಲ್ಲಿ ಹಕ್ಕುಪತ್ರ ಪಡೆದ ಮೇಲೆ ಲೋಕವು ಗಾಳಿಯ ಮೇಲೆ ಓಡತೊಡಗಿತು. ಅದಕ್ಕೆ ಹಿಂದಿನ ಮರದ ಗಾಲಿಯ ದೋಷಗಳೆಲ್ಲ ಕಣ್ಣಿಗೆ ಕಾಣುವಂಥವು, ಕಿವಿಗೆ ಕೇಳುವಂಥವು. ಕಡಾಣಿ ಬಿದ್ದುಹೋಗಿದ್ದರೆ ಎದ್ದು ಕಾಣುವುದು. ಅಚ್ಚಿಗೆ ಕೀಲೆಣ್ಣೆ ಸಾಲದಿದ್ದರೆ ಅರ್ಧ ಹರದಾರಿಯವರೆಗೂ ಕಿರುಗುಟ್ಟಿ ಊರಿಗೆಲ್ಲ ಸಾರುವುದು. ಯಜಮಾನನು ಮರೆತರೂ ಬಂಡಿ ಮರೆಯಗೊಡುತ್ತಿರಲಿಲ್ಲ.

ಗಾಳಿಯ ಗಾಲಿಯ ಸ್ವಭಾವವೇ ಬೇರೆ. ಅದು ತನ್ನ ಕ್ಷೀಣತೆಯನ್ನು ಮುಚ್ಚಿಡುವುದು. ಇರಬೇಕಾದ ಒತ್ತಡದಲ್ಲಿ ನಾಲ್ಕನೆಯ ಒಂದು ಪಾಲು ಕಡಮೆಯಾಗಿದ್ದರೂ ನಿಂತ ಗಾಡಿಯಲ್ಲಿ ಅದನ್ನು ಕಣ್ಣಳತೆಯಿಂದ ಗುರುತಿಸುವುದು ಕಷ್ಟ. ಗಾಡಿಯು ಭಾರ ಹೊತ್ತು ಓಡತೊಡಗಿದಾಗ, ಗಾಳಿ ಕಡಮೆಯಾದ ಟಯರಿನ ಪಕ್ಕಗಳು ಪ್ರತಿಯೊಂದು ಸುತ್ತಿಗೂ ಹೆಚ್ಚು ಹೆಚ್ಚಾಗಿ ಮಡಿಸಿ ಬಿಚ್ಚುವುವು. ಆ ಮಡಿಕೆಯಿಂದ ಕಾವು ಹುಟ್ಟುವುದು. ಕಾವಿನಿಂದ ರಬ್ಬರಿಗೂ ಅದರೊಳಗಿನ ನೂಲುಗಳಿಗೂ ಇರುವ ಅಂಟು ಸಡಿಲುವುದು. ಕೊನೆಗೆ ಒಂದು ಕ್ಷಣದಲ್ಲಿ ಟಯರು ಸಿಡಿಯುವುದು. ನೋಡಿದವರು 'ಇದ್ದಕ್ಕಿದ್ದ ಹಾಗೆ ಸಿಡಿಯಿತು' ಎನ್ನುವರು. ವಾಸ್ತವದಲ್ಲಿ ಅದು ಬೆಳಗಿನಿಂದಲೂ, ಕೆಲವು ವೇಳೆ ವಾರಗಳಿಂದಲೂ, ಸಿಡಿಯುತ್ತಲೇ ಇದ್ದಿತು. ನಮ್ಮ ಅನೇಕ ಗೃಹಕಲಹಗಳೂ ಹೀಗೆಯೇ ಅಲ್ಲವೆ?

ಈ ಮರೆಯಾಟವನ್ನು ಬಯಲು ಮಾಡುವುದಕ್ಕೆಂದು ಸೆನ್ಸರು ಬಂದಿತು. ಅದರಲ್ಲಿ ಎರಡು ಜಾತಿ. ಒಂದು, ಗಾಲಿಯ ಒಳಗೆ ವಾಲ್ವಿನ ಬುಡಕ್ಕೆ ಸೇರಿಸಿದುದು; ಇನ್ನೊಂದು, ವಾಲ್ವಿನ ತುದಿಗೆ ಮುಚ್ಚಳದಂತೆ ತಿರುಗಿಸಿ ಹಾಕುವುದು. ಎರಡೂ ಒಳಗಿನ ಒತ್ತಡವನ್ನು ಅಳೆದು, ಸಾಮಾನ್ಯವಾಗಿ ಉಷ್ಣವನ್ನೂ ಅಳೆದು, ರೇಡಿಯೋ ಅಲೆಗಳ ಮೂಲಕ ಚಾಲಕನ ಮುಂದಿರುವ ಫಲಕಕ್ಕೆ ಕಳುಹಿಸುವುವು. ಗೊತ್ತುಪಡಿಸಿದ ಮೇರೆಗಿಂತ ಒತ್ತಡವು ಇಳಿದರೆ ಫಲಕವು ಕೂಗುವುದು. ಅಮೆರಿಕದಲ್ಲಿ, 2000ದಲ್ಲಿ ಬೆಳಕಿಗೆ ಬಂದ ಟಯರು ಸಿಡಿತದ ಅಪಘಾತಗಳಿಂದ ಅನೇಕರು ಮೃತರಾದ ಬಳಿಕ, ಅದೇ ವರ್ಷ ಒಂದು ಶಾಸನವಾಯಿತು. ಅದರ ಫಲವಾಗಿ 2007ರ ಸೆಪ್ಟೆಂಬರಿನಿಂದ ಅಲ್ಲಿನ ಹೊಸ ಲಘುಮೋಟಾರುಗಳಿಗೆಲ್ಲ ಇಂತಹ ಏರ್ಪಾಡು ಕಡ್ಡಾಯವಾಯಿತು. ನೂರಕ್ಕೆ 25ರಷ್ಟು ಗಾಳಿ ಇಳಿದರೆ ದೀಪವು ಹತ್ತಲೇಬೇಕು. ನಮ್ಮ ದೇಶದಲ್ಲಿ 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಟ್ಯೂಬಿಲ್ಲದ ಟಯರು, ಈ ಏರ್ಪಾಡು, ರಿಪೇರಿಯ ಸಾಮಗ್ರಿ ಮೂರೂ ಇರುವ ಸಣ್ಣ ಮೋಟಾರುಗಳು ಸ್ಟೆಪ್ನಿಯನ್ನು ಹೊರಬೇಕಾದುದಿಲ್ಲವೆಂದು ವಿಧಿಸಿದರು. ಎಚ್ಚರಿಕೆಯ ಒಂದು ದೀಪವು ಹೀಗೆ ಒಂದು ಗಾಲಿಯ ಸ್ಥಾನವನ್ನೇ ಪಡೆಯಿತು.

ಆದರೆ ಅಮೆರಿಕದ ಆ ಕಡ್ಡಾಯವು ಎಳೆಯುವ ಮೋಟಾರಿಗೇ ಹೊರತು ಹಿಂದೆ ಎಳೆಯಲ್ಪಡುವ ಟ್ರೇಲರಿಗೆ ಅನ್ವಯಿಸಲಿಲ್ಲ. ಅಲ್ಲಿ ಅದು ಒಡೆಯನ ಮನಸ್ಸಾಕ್ಷಿಗೆ ಬಿಟ್ಟ ವಿಷಯ. ಇದರಲ್ಲಿ ನನಗೊಂದು ವಿಚಿತ್ರ ತೋರುವುದು. ಏಕೆಂದರೆ ಎಚ್ಚರಿಕೆಯು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಹಿಂದಿನ ಗಾಡಿಗೆ. ತಾನು ಕುಳಿತ ಗಾಡಿಯ ಮುಂದಿನ ಗಾಲಿ ಮೆತ್ತಗಾದರೆ ಚಾಲಕನ ಕೈಯಲ್ಲಿರುವ ಸ್ಟೇರಿಂಗು ಎಳೆಯುವುದು, ಆಸನವು ಅಲುಗುವುದು. ಹಿಂದಿನ ಟ್ರೇಲರಿನ ಗಾಲಿ ಮೆತ್ತಗಾದರೆ ಎಷ್ಟೋ ವೇಳೆ ಅವನಿಗೆ ಏನೂ ತಿಳಿಯದು. ಎಂಜಿನ್ನಿನ ಬಲವು ಆ ಕೊರತೆಯನ್ನು ನುಂಗಿಕೊಂಡು ಎಳೆಯುತ್ತಲೇ ಇರುವುದು. ಟಯರು ಹರಿದು ಚಿಂದಿಯಾದ ಮೇಲೆಯೂ, ಪಕ್ಕದ ಗಾಡಿಯವರು ಕೈಬೀಸಿ ಕೂಗುವ ತನಕ ಅರಿಯದೆ ಹೋಗುವವರುಂಟು. ಬಲವಂತನು ತನ್ನ ಹಿಂದೆ ಎಳೆದುಕೊಂಡು ಹೋಗುವವರ ನೋವನ್ನು ಅರಿಯದಿರುವುದು ಅವನು ಕೆಟ್ಟವನೆಂಬ ಕಾರಣದಿಂದಲ್ಲ. ಅನೇಕ ವೇಳೆ ಬಲವಂತನೆಂಬ ಕಾರಣದಿಂದಲೇ.

ಈಗ ನಮ್ಮೂರಿನ ಸಂಗತಿ. ಸೊಕ್ಕೆಯು ಜಗಳೂರು ತಾಲ್ಲೂಕಿನ ಗ್ರಾಮ; ಮಳೆಯನ್ನೇ ನಂಬಿದ ಒಣಸೀಮೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ನಮ್ಮ ಬದುಕು. ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಮೇಲೆ ನಾನು ಪಿತ್ರಾರ್ಜಿತವಾದ ಹೊಲವನ್ನು ನೋಡಿಕೊಂಡಿರುವೆನು. ಒಂದು ಹಳೆಯ ಟ್ರ್ಯಾಕ್ಟರೂ ಟ್ರೇಲರೂ ಇವೆ. ಅದನ್ನು ಹೊಡೆಯುವವನು ನಮ್ಮೂರಿನವನೇ ಆದ ಒಬ್ಬ ತರುಣ. ಬೆಳಗಾಗ ಹೊರಡುವ ಮುನ್ನ ಕಬ್ಬಿಣದ ಲಿವರಿನಿಂದ ಗಾಲಿಗಳನ್ನು ಒಂದೊಂದಾಗಿ ಬಡಿದು, ಶಬ್ದವನ್ನು ಕೇಳುವುದು ಅವನ ರೂಢಿ. ಗಾಳಿ ತುಂಬಿದ ಗಾಲಿಯು ಬಿಗಿದ ಹಲಗೆಯಂತೆ ಟಣ್ಣೆನ್ನುವುದು. ಮೆತ್ತಗಾದುದು ಮಳೆಯಲ್ಲಿ ನೆನೆದ ಹಲಗೆಯಂತೆ ದೊಪ್ಪೆನ್ನುವುದು.

ಕೆಲವು ವರ್ಷಗಳ ಹಿಂದೆ, ದೀಪಾವಳಿಯ ಆಸುಪಾಸಿನಲ್ಲಿ ಮೆಕ್ಕೆಜೋಳದ ಕೊಯ್ಲು ನಡೆದಿದ್ದಾಗ, ಅವನು ಬಂದು, "ಮೇಷ್ಟ್ರೆ, ಹಿಂದಿನ ಬಲಗಡೆ ಗಾಲಿ ಮೆತ್ತಗಾಗೈತಿ, ಟಯರೂ ಬಿರುಕು ಬಿಟ್ಟೈತಿ" ಎಂದನು. ದಾವಣಗೆರೆಯ ಮಾರುಕಟ್ಟೆಗೆ ಮಾಲು ಸಾಗಿಸುವ ಅವಸರ. ಮೋಡ ಬೇರೆ ಕವಿದಿತ್ತು. ನಾನು, "ನಿನಗೆ ದಿನಕ್ಕೊಂದು ನೆವ. ಗಾಳಿ ಹೊಡಿಸಿಕೊಂಡು ನಡೆ" ಎಂದು ಗದರಿದೆನು. ಎರಡು ದಿನ ಬಿಟ್ಟು ಮತ್ತೊಮ್ಮೆ ಹೇಳಿದನು, ಮತ್ತೊಮ್ಮೆ ಗದರಿದೆನು. ಮೂರನೆಯ ಸಲ ಅವನು ಹೇಳಲಿಲ್ಲ. ನಾನು ಅದನ್ನು, ಗಾಲಿ ಸರಿಹೋಯಿತೆಂದು ಅರ್ಥ ಮಾಡಿಕೊಂಡೆನು.

ಆ ವಾರದ ಕೊನೆಯಲ್ಲಿ, ಸಂಜೆ, ಚೀಲಗಳ ಮೇಲೆ ಐದಾರು ಮಂದಿ ಕೂಲಿಯ ಹೆಂಗಸರು ಕುಳಿತು ಊರಿಗೆ ಮರಳುತ್ತಿದ್ದಾಗ, ದಾರಿಯ ತಿರುವಿನಲ್ಲಿ ಆ ಗಾಲಿಯು ಸಿಡಿದು ಟ್ರೇಲರು ಒಂದು ಮಗ್ಗುಲಿಗೆ ವಾಲಿತು. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧವೆಂಬುದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಎಲ್ಲರೂ ಮಾಡುವರೆಂದು ನಾನೂ ಮಾಡುತ್ತಿದ್ದೆನು. ದೈವಕೃಪೆಯಿಂದ ಪ್ರಾಣಹಾನಿಯಾಗಲಿಲ್ಲ. ಒಬ್ಬಾಕೆಯ ಬಲಗೈ ಮುರಿಯಿತು. ಆಸ್ಪತ್ರೆಯ ಖರ್ಚನ್ನೂ ಆ ಸುಗ್ಗಿಯ ಕೂಲಿಯನ್ನೂ ನಾನು ಕೊಟ್ಟೆನು. ಆದರೆ ಆ ಕೈಯು ಹಿಂದಿನಂತಾಗಲಿಲ್ಲ. ಇಂದಿಗೂ ಆಕೆ ತುಂಬಿದ ಕೊಡವನ್ನು ಎಡಗೈಯಿಂದಲೇ ಎತ್ತುವಳು. ಅಂದು ರಾತ್ರಿ ನಾನು ಆ ಹುಡುಗನನ್ನು ಕರೆದು, "ಗಾಲಿ ಇಷ್ಟು ಕೆಟ್ಟಿತ್ತೆಂದು ಏಕೆ ಹೇಳಲಿಲ್ಲವಯ್ಯಾ?" ಎಂದು ಕೇಳಿದೆನು. ಅವನು ನೆಲವನ್ನು ನೋಡುತ್ತ, "ಹೇಳಿದ್ರೆ ಬೈತೀರಿ ಅಂತ ಸುಮ್ನಾದೆ, ಮೇಷ್ಟ್ರೆ" ಎಂದನು.

ತಮ್ಮನ ಮಗನ ಪತ್ರದಲ್ಲಿ 'ಸೆನ್ಸರು ಮಾತನಾಡುತ್ತಿಲ್ಲ' ಎಂಬ ಮಾತನ್ನು ಓದಿದಾಗ ನನಗೆ ನೆನಪಾದುದು ಇದು.

ಇನ್ನು ವಿಚಾರಕ್ಕೆ ಬರೋಣ. ಇಂತಹ ಯಂತ್ರಗಳ ವಿಷಯದಲ್ಲಿ ತಿಳಿದವರಲ್ಲಿಯೂ ಎರಡು ಪಕ್ಷಗಳುಂಟು. ಯಂತ್ರವು ಮನುಷ್ಯನ ಎಚ್ಚರವನ್ನು ಕೊಲ್ಲುವುದೆಂಬುದು ಒಂದು ಪಕ್ಷ. ಗಾಲಿಯನ್ನು ಬಡಿದು ಕೇಳುವ ಕಿವಿಯು ದೀಪವನ್ನು ನಂಬಿ ಕಿವುಡಾಗುವುದು. ದೀಪವು ಕೆಟ್ಟ ದಿನ ಅವನಿಗೆ ಕಿವಿಯೂ ಇಲ್ಲ, ದೀಪವೂ ಇಲ್ಲ. ನಮ್ಮ ಗಾದೆಯೂ ಇದೇ ಪಕ್ಷದ್ದು: ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ. ಮನುಷ್ಯನ ಎಚ್ಚರವು ದಣಿಯುವುದು, ನಿದ್ದೆಹೋಗುವುದು, ಅವಸರಕ್ಕೆ ಸೋಲುವುದು. ಯಂತ್ರಕ್ಕಾದರೋ ಅವಸರವಿಲ್ಲ, ದಾಕ್ಷಿಣ್ಯವಿಲ್ಲ, ಒಡೆಯನ ಕೋಪದ ಭಯವಿಲ್ಲ ಎಂಬುದು ಇನ್ನೊಂದು ಪಕ್ಷ. ನನ್ನ ಟ್ರೇಲರಿನ ಗಾಲಿಯಲ್ಲಿ ಒಂದು ಸೆನ್ಸರು ಇದ್ದಿದ್ದರೆ ಅದು ನನ್ನ ಗದರಿಕೆಗೆ ಹೆದರಿ ಸುಮ್ಮನಾಗುತ್ತಿರಲಿಲ್ಲವೆಂಬುದು ನಿಜವೇ.

ಎರಡೂ ಪಕ್ಷಗಳಲ್ಲಿ ಸತ್ಯಾಂಶವಿದ್ದರೂ ಎರಡೂ ಒಂದೇ ತಪ್ಪನ್ನು ಮಾಡುವುವೆಂದು ನನಗೆ ತೋರುವುದು. ಒಪ್ಪಿಸಿದ ಎಚ್ಚರವು ಒಪ್ಪಿಸಿದವನ ಕೈಯಿಂದ ಪೂರ್ತಿಯಾಗಿ ಬಿಟ್ಟುಹೋಗುವುದೆಂದು ಇಬ್ಬರೂ ಭಾವಿಸುವರು; ಒಬ್ಬರು ಅದಕ್ಕಾಗಿ ಅಳುವರು, ಇನ್ನೊಬ್ಬರು ಹಿಗ್ಗುವರು. ವಾಸ್ತವದಲ್ಲಿ ಹಾಗಾಗುವುದಿಲ್ಲ. ಗಾಳಿಯನ್ನು ನೋಡುವ ಕೆಲಸವನ್ನು ಸೆನ್ಸರಿಗೆ ಒಪ್ಪಿಸಿದವನಿಗೆ ಸೆನ್ಸರನ್ನು ನೋಡುವ ಕೆಲಸವು ಉಳಿಯುವುದು. ಇದು ಮೊದಲಿನದಕ್ಕಿಂತ ಅಪರೂಪದ ಕೆಲಸ. ಆದುದರಿಂದಲೇ ಮರೆಯಲು ಸುಲಭವಾದ ಕೆಲಸ.

ಹೇಗೆಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಮುಚ್ಚಳದಂತೆ ಹಾಕುವ ಸೆನ್ಸರಿನೊಳಗೆ ನಾಣ್ಯದಂತಹ ಒಂದು ಸಣ್ಣ ಬ್ಯಾಟರಿ. ಅದು ಒಂದೆರಡು ವರ್ಷಗಳಲ್ಲಿ ಸಾಯುವುದು, ಆಗ ಬಿಚ್ಚಿ ಬೇರೆ ಹಾಕಬೇಕು. ಗಾಲಿಯೊಳಗಿನ ಸೆನ್ಸರಿನ ಬ್ಯಾಟರಿಯನ್ನು ಅಂಟುದ್ರವದಲ್ಲಿ ಮುಚ್ಚಿಬಿಟ್ಟಿರುವುದರಿಂದ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷಗಳಲ್ಲಿ ಸೆನ್ಸರನ್ನೇ ಬದಲಿಸಬೇಕಾಗುವುದು. ಮುಚ್ಚಳದ ಬುಡದಲ್ಲಿ ರಬ್ಬರಿನ ಒಂದು ಸಣ್ಣ ಬಳೆಯಿರುವುದು. ಅದು ಒಣಗಿ ಬಿರಿದರೆ, ಗಾಳಿಯನ್ನು ಕಾಯಲು ಬಂದ ಕಾವಲುಗಾರನ ಮೂಲಕವೇ ಗಾಳಿ ಸೋರುವುದು. ಆದುದರಿಂದ ಹಾಕಿದ ಮೇಲೆ ಸಾಬೂನಿನ ನೀರನ್ನು ಸವರಿ, ಗುಳ್ಳೆ ಏಳುವುದೇ ಎಂದು ನೋಡಬೇಕು. ಮುಚ್ಚಳದ ತೂಕದಿಂದ ರಬ್ಬರಿನ ವಾಲ್ವು ವೇಗದಲ್ಲಿ ಓಲಾಡಿ ಬುಡದಲ್ಲಿ ಸೀಳುವ ಸಂಭವವಿರುವುದರಿಂದ ಲೋಹದ ವಾಲ್ವೇ ಲೇಸು. ಆ ಲೋಹದಲ್ಲಿಯೂ ಒಂದು ತೊಡಕು: ಅಲ್ಯೂಮಿನಿಯಮ್ಮಿನ ವಾಲ್ವಿನಲ್ಲಿ ಹಿತ್ತಾಳೆಯ ತಿರುಪನ್ನು ಹಾಕಿದರೆ ತೇವವು ಸೇರಿ ಎರಡೂ ಕಚ್ಚಿಕೊಂಡು, ಬಿಚ್ಚಲು ಹೋದಾಗ ಮುರಿಯುವುವು; ಆದ ಕಾರಣ ನಿಕ್ಕಲ್ ಲೇಪದ ತಿರುಪನ್ನು ಬಳಸುವರು. ಗಾಡಿಯು ಉದ್ದವಾಗಿದ್ದರೆ ಹಿಂದಿನ ಗಾಲಿಯ ಸಣ್ಣ ದನಿಯು ಮುಂದಿನವನಿಗೆ ಮುಟ್ಟದು. ನಡುವೆ ಅದನ್ನು ಕೇಳಿ ಗಟ್ಟಿಯಾಗಿ ಹೇಳುವ ಇನ್ನೊಂದು ಪೆಟ್ಟಿಗೆ ಬೇಕು. ಗಾಲಿಗಳ ಸ್ಥಾನವನ್ನು ಅದಲುಬದಲು ಮಾಡಿದರೆ ಸೆನ್ಸರುಗಳ ಗುರುತನ್ನೂ ಫಲಕದಲ್ಲಿ ಬದಲಿಸಬೇಕು. ಇಲ್ಲದಿದ್ದರೆ ಎಡಗಾಲಿಯ ದುಃಖವನ್ನು ಬಲಗಾಲಿಯ ಹೆಸರಿನಲ್ಲಿ ಕೇಳಬೇಕಾಗುವುದು.

ಇನ್ನು ಅಳತೆಯ ಮೇರೆ. ಗಾಡಿ ಓಡುವ ಮೊದಲು, ಬೆಳಗಿನ ತಂಪಿನಲ್ಲಿ ಇರುವ ಒತ್ತಡವೇ ಪ್ರಮಾಣ. ಗಾಲಿಯೊಳಗಿನ ಉಷ್ಣವು 10 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿದರೆ ಒಟ್ಟು ಒತ್ತಡವು ನೂರಕ್ಕೆ ಸುಮಾರು ಮೂರರಷ್ಟು ಏರುವುದು. ಇದನ್ನರಿಯದವನು ಮಧ್ಯಾಹ್ನದ ಬಿಸಿಲಿನಲ್ಲಿ ಒತ್ತಡವು ಹೆಚ್ಚಿತೆಂದು ಗಾಳಿಯನ್ನು ಬಿಡುವನು. ಮರುದಿನ ಬೆಳಗಿಗೆ ಗಾಲಿಯು ಬಡವಾಗಿರುವುದು. ಕಾವೇರಿದಾಗ ಕಂಡದ್ದನ್ನು ಆಧರಿಸಿ ತೀರ್ಪು ಕೊಡಬಾರದೆಂಬ ನೀತಿಯನ್ನು ಇಲ್ಲಿ ಭೌತಶಾಸ್ತ್ರವೇ ಬೋಧಿಸುವುದು.

ಇವೆಲ್ಲಕ್ಕಿಂತ ಮುಖ್ಯವಾದ ವಿಷಯವೊಂದುಂಟು. ಸೆನ್ಸರು ಸುಮ್ಮನಿದ್ದರೆ ಅದರ ಅರ್ಥವೇನು? 'ಎಲ್ಲವೂ ಕ್ಷೇಮ' ಎಂದೂ ಆಗಬಹುದು. 'ನಾನು ಸತ್ತಿರುವೆನು' ಎಂದೂ ಆಗಬಹುದು. ಎರಡು ಮೌನಗಳೂ ಹೊರಗಿನಿಂದ ಒಂದೇ ಬಗೆ. ಅಮೆರಿಕದ ಶಾಸನವನ್ನು ರಚಿಸಿದವರು ಈ ಸೂಕ್ಷ್ಮವನ್ನು ಅರಿತಿದ್ದರು. ಗಾಳಿ ಇಳಿದರೆ ಹೇಳುವುದು ಮಾತ್ರ ಸಾಲದು, ತಾನೇ ಕೆಟ್ಟರೆ ಅದನ್ನೂ ಬೇರೆಯಾಗಿ ಹೇಳಬೇಕೆಂದು ವಿಧಿಸಿದರು. ನನ್ನ ತಮ್ಮನ ಮಗನು ಎರಡು ದಿನ ನಿಂತುದು ಇದಕ್ಕಾಗಿಯೇ. ಗಾಲಿ ಕೆಟ್ಟಿದೆಯೆಂದು ಅವನು ನಿಲ್ಲಲಿಲ್ಲ. ಕೆಟ್ಟರೆ ಹೇಳುವವರು ಇಲ್ಲವಾದರೆಂದು ನಿಂತನು. ನಾನಾದರೋ ಮೌನವನ್ನು ಕ್ಷೇಮವೆಂದು ಓದಿಕೊಂಡೆನು. ಅದಕ್ಕಿಂತಲೂ ಹೆಚ್ಚಿನ ಅಪರಾಧವೆಂದರೆ ಆ ಮೌನವನ್ನು ಉಂಟುಮಾಡಿದವನೂ ನಾನೇ. ಆ ಹುಡುಗನ ಬಾಯಿಯ ಶಕ್ತಿಯನ್ನು ಎರಡು ಗದರಿಕೆಗಳಿಂದ ಬರಿದು ಮಾಡಿ, ಬಳಿಕ ಅವನು ಏಕೆ ಹೇಳಲಿಲ್ಲವೆಂದು ಕೇಳಿದೆನು. ಆಳು ಮಾಡಿದ್ದು ಹಾಳೆಂಬ ಗಾದೆಯನ್ನು ನಾನು ಎಷ್ಟೋ ಸಲ ಮಕ್ಕಳಿಗೆ ಪಾಠದಲ್ಲಿ ವಿವರಿಸಿರುವೆನು. ಇಲ್ಲಿ ಆಳು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದನು. ಹಾಳಾಗಿದ್ದುದು ಯಜಮಾನನ ಕಿವಿ.

ಹಾಗಾದರೆ ಹೆದರಿಕೆಯಿಲ್ಲದ ಯಂತ್ರವೇ ಇದಕ್ಕೆ ಪರಿಹಾರವೆ? ಇದಕ್ಕೆ ವೈದ್ಯಲೋಕದ ಒಂದು ವೃತ್ತಾಂತವು ಉತ್ತರವನ್ನು ಕೊಡುವುದು. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದು, ಕುಷ್ಠರೋಗಿಗಳ ಕೈಕಾಲುಗಳ ಶುಶ್ರೂಷೆಯಲ್ಲಿ ನಿರತರಾದರು. ರೋಗವೇ ಬೆರಳುಗಳನ್ನು ಕೊಳೆಯಿಸುವುದೆಂದು ಜನರು ಬಹುಕಾಲ ನಂಬಿದ್ದರು. ರೋಗವು ನರಗಳನ್ನು ಕೆಡಿಸಿ ನೋವಿನ ಅರಿವನ್ನು ಕಳೆಯುವುದರಿಂದ, ಸುಟ್ಟರೂ ಕುಯ್ದರೂ ತಿಳಿಯದೆ ರೋಗಿಯು ತನ್ನ ಅಂಗಗಳನ್ನು ತಾನೇ ಹಾಳುಮಾಡಿಕೊಳ್ಳುವನೆಂದು ಅವರು ತೋರಿಸಿಕೊಟ್ಟರು. ಮುಂದೆ ಅಮೆರಿಕದಲ್ಲಿದ್ದಾಗ, ಇಲ್ಲವಾದ ನೋವಿಗೆ ಬದಲಾಗಿ ಕೃತಕವಾದ ಎಚ್ಚರಿಕೆಯನ್ನು ಕೊಡಬೇಕೆಂದು, ಒತ್ತಡವನ್ನು ಅಳೆಯುವ ಸೆನ್ಸರುಗಳಿದ್ದ ಕೈಚೀಲಗಳನ್ನು ಅವರೂ ಅವರ ಸಹಾಯಕರೂ ನಿರ್ಮಿಸಿದರು. ಅಪಾಯದ ಒತ್ತಡ ಬಿದ್ದರೆ ಅವು ಎಚ್ಚರಿಸುತ್ತಿದ್ದುವು. ಪ್ರಯೋಗವು ಫಲಿಸಲಿಲ್ಲ. ಕಾರಣವು ಯಂತ್ರದ ದೌರ್ಬಲ್ಯವಷ್ಟೇ ಅಲ್ಲ. ಮಾಡಬೇಕೆಂದಿದ್ದ ಕೆಲಸಕ್ಕೆ ಎಚ್ಚರಿಕೆಯು ಅಡ್ಡ ಬಂದಾಗ, ರೋಗಿಗಳು ಅದನ್ನು ಲೆಕ್ಕಿಸದೆ, ಕೆಲವರು ನಿಲ್ಲಿಸಿಯೇಬಿಟ್ಟು, ಕೆಲಸವನ್ನು ಮುಂದುವರಿಸಿದರು. ಸಹಜವಾದ ನೋವನ್ನು ಹಾಗೆ ಆರಿಸಲಾಗದು; ಅದೇ ಅದರ ಮಹಿಮೆ.

ಇದರಿಂದ ತಿಳಿಯುವುದೇನು? ಎಚ್ಚರಿಕೆಯನ್ನು ನಿಲ್ಲಿಸುವ ಅಧಿಕಾರವು ಎಚ್ಚರಿಸಲ್ಪಡುವವನ ಕೈಯಲ್ಲಿಯೇ ಇರುವವರೆಗೆ, ಎಚ್ಚರಿಸುವುದು ಯಂತ್ರವೊ ಮನುಷ್ಯನೊ ಎಂಬ ಭೇದವು ದೊಡ್ಡದಲ್ಲ. ಅಂದು ನನ್ನ ಮುಂದೆ ಒಂದು ದೀಪವಿದ್ದಿದ್ದರೆ ಅದರ ಮೇಲೊಂದು ಬಟ್ಟೆ ಮುಚ್ಚುತ್ತಿರಲಿಲ್ಲವೆಂದು ನಾನು ಪ್ರಮಾಣ ಮಾಡಲಾರೆನು. ದೀಪವು ಹತ್ತಿಯೇ ಇದ್ದರೂ ತಿಂಗಳುಗಟ್ಟಲೆ ಅದನ್ನು ನೋಡುತ್ತ, 'ಅದು ಹಾಗೆಯೇ' ಎಂದು ಹೇಳುತ್ತ ಗಾಡಿ ಓಡಿಸುವವರನ್ನು ನಾವೆಲ್ಲರೂ ಬಲ್ಲೆವು. ಎಚ್ಚರಿಕೆಯ ದೋಷವಲ್ಲ ಅದು. ಕೇಳಲೊಲ್ಲದ ಮನಸ್ಸಿನ ದೋಷ.

ಇಲ್ಲಿ ಅಜ್ಞಾನದಲ್ಲಿ ಎರಡು ವಿಧಗಳನ್ನು ವಿಂಗಡಿಸುವುದು ಅವಶ್ಯ. ತಿಳಿಯಲು ದಾರಿಯೇ ಇಲ್ಲದುದರಿಂದ ಬಂದ ಅಜ್ಞಾನವು ಒಂದು. ತಿಳಿದರೆ ಖರ್ಚಾದೀತು, ಕೆಲಸ ನಿಂತೀತು ಎಂದು ಬಾಗಿಲು ಹಾಕಿಕೊಂಡ ಅಜ್ಞಾನವು ಇನ್ನೊಂದು. ಲೋಕವು ಮೊದಲನೆಯದನ್ನು ಕ್ಷಮಿಸುವುದು. ಎರಡನೆಯವನು ಮೊದಲನೆಯವನ ವೇಷವನ್ನು ಹಾಕಿಕೊಂಡು ಕ್ಷಮೆಯನ್ನು ಬೇಡುವನು. 'ನನಗೆ ಗೊತ್ತಿರಲಿಲ್ಲ' ಎಂದು ಅಂದು ನಾನು ಆ ಹೆಂಗಸಿನ ಗಂಡನಿಗೆ ಹೇಳಿದೆನು. ಮಾತು ಅಕ್ಷರಶಃ ಸುಳ್ಳಲ್ಲ. ಆ ದಿನ ಗಾಲಿಯ ಸ್ಥಿತಿ ಏನಾಗಿತ್ತೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾಗದಂತೆ ನಾನೇ ವ್ಯವಸ್ಥೆ ಮಾಡಿಕೊಂಡಿದ್ದೆನೆಂಬ ಉಳಿದರ್ಧವನ್ನು ಹೇಳಲಿಲ್ಲ.

ಓದುಗರಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತಬಹುದು. ಮಳೆ ಕೈಕೊಟ್ಟ ವರ್ಷ ಬಿತ್ತನೆಯ ಬೀಜಕ್ಕೇ ಸಾಲ ಮಾಡುವ ರೈತನಿಗೆ ಹೊಸ ಟಯರಿನ, ಸೆನ್ಸರಿನ ಮಾತೇ? ನೀತಿಯು ಉಳ್ಳವರ ಆಭರಣವಲ್ಲವೆ? ಈ ಆಕ್ಷೇಪದಲ್ಲಿ ತಿರುಳಿದೆ. ನಮ್ಮ ಸೀಮೆಯಲ್ಲಿದ್ದು ಅದನ್ನು ಹಗುರವಾಗಿ ಕಾಣಲಾಗದು. ಒಂದು ಟಯರಿನ ಬೆಲೆಯು ಚಿಕ್ಕ ಹಿಡುವಳಿಯವನಿಗೆ ಸಣ್ಣ ಭಾರವಲ್ಲ. ಆದರೆ ಎರಡು ಮಾತುಗಳನ್ನು ಗಮನಿಸಬೇಕು. ಒಂದು, ಎಚ್ಚರದ ಮೊದಲ ಮೆಟ್ಟಿಲಿಗೆ ಹಣ ಬೇಕಾಗಿಲ್ಲ. ಗಾಲಿಯನ್ನು ಬಡಿದು ಕೇಳುವುದಕ್ಕೂ, ಪಂಕ್ಚರಿನ ಅಂಗಡಿಯಲ್ಲಿ ಗೇಜು ಹಿಡಿಸಿ ನೋಡುವುದಕ್ಕೂ, ಭಾರವನ್ನು ಕಡಮೆ ಮಾಡುವುದಕ್ಕೂ, ಜನರನ್ನು ಮೇಲೆ ಕೂರಿಸದೆ ಇರುವುದಕ್ಕೂ ಸಿರಿವಂತಿಕೆಯ ಅವಶ್ಯಕತೆಯಿಲ್ಲ. ಇನ್ನೊಂದು, ಖರ್ಚನ್ನು ನಾವು ಮಾಡದಿದ್ದರೆ ಖರ್ಚೇ ಇಲ್ಲವಾಗುವುದಿಲ್ಲ. ಅದು ಬೇರೊಬ್ಬರ ಲೆಕ್ಕಕ್ಕೆ ಹೋಗುವುದು. ನಾನು ಉಳಿಸಿದ ಟಯರಿನ ಹಣವನ್ನು ಆ ಹೆಂಗಸು ತನ್ನ ಬಲಗೈಯಿಂದ ಕೊಟ್ಟಳು. ನನಗಿಂತ ಬಡವಳಾದವಳು ಕೊಟ್ಟಳು. ಬಡತನವನ್ನು ನೆವ ಮಾಡುವ ಮೊದಲು, ನಮಗಿಂತ ಬಡವರ ಮೇಲೆ ನಮ್ಮ ಉಳಿತಾಯವನ್ನು ಹೊರಿಸುತ್ತಿಲ್ಲವಷ್ಟೆ ಎಂದು ಕೇಳಿಕೊಳ್ಳುವುದು ಧರ್ಮ.

ಪ್ರತಿವರ್ಷವೂ ಮಹಾನವಮಿಯಂದು ನಾವು ಟ್ರ್ಯಾಕ್ಟರನ್ನೂ ಟ್ರೇಲರನ್ನೂ ತೊಳೆದು, ಬಾಳೆಯ ಕಂದು ಕಟ್ಟಿ, ಗಾಲಿಗಳಿಗೆ ಅರಿಸಿನ ಕುಂಕುಮವಿಟ್ಟು, ನಿಂಬೆಯ ಹಣ್ಣಿನ ಮೇಲೆ ಹಾಯಿಸಿ, ಬೂದುಗುಂಬಳವನ್ನು ಒಡೆಯುತ್ತೇವೆ. ಆ ಅಪಘಾತದ ವರ್ಷವೂ ಹೀಗೆಯೇ ಆಯುಧಪೂಜೆ ನಡೆದಿತ್ತು. ಅದಾಗಿ ಇನ್ನೂ ಒಂದು ತಿಂಗಳು ಕಳೆದಿರಲಿಲ್ಲ. ಬಿರುಕುಬಿಟ್ಟ ಆ ಟಯರಿಗೆ ನಾನೇ ಕೈಯಾರೆ ಕುಂಕುಮವಿಟ್ಟಿದ್ದೆನು. ಬಿರುಕನ್ನು ಕಂಡ ನೆನಪು ಇಲ್ಲ. ಪೂಜೆಯನ್ನು ನಾನು ಹಳಿಯುತ್ತಿಲ್ಲ. ನಮಗೆ ಅನ್ನ ಕೊಡುವ ವಸ್ತುವಿನ ಮುಂದೆ ವರ್ಷಕ್ಕೊಮ್ಮೆ ಬಗ್ಗಿ ಕುಳಿತುಕೊಳ್ಳುವುದು ಒಳ್ಳೆಯ ಸಂಪ್ರದಾಯವೇ. ಅಷ್ಟು ಹತ್ತಿರ ಬಗ್ಗಿದಾಗ ಒಮ್ಮೆ ಕಣ್ತೆರೆದು ನೋಡಿದ್ದರೆ ಪೂಜೆಯು ಸಂಪೂರ್ಣವಾಗುತ್ತಿತ್ತು ಎಂದಷ್ಟೇ ಹೇಳುವೆನು. ಈಗ ನಮ್ಮ ಮನೆಯಲ್ಲಿ ಆ ದಿನದ ಪೂಜೆಯ ತಟ್ಟೆಯಲ್ಲಿ ಗಾಳಿಯ ಗೇಜೂ ಇರುವುದು. ಮೊದಲು ಅಳತೆ, ಬಳಿಕ ಆರತಿ.

ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಎಚ್ಚರವನ್ನು ಒಪ್ಪಿಸಬಹುದೆ? ಒಪ್ಪಿಸಬಹುದು, ಒಪ್ಪಿಸದೆ ಸಂಸಾರವೂ ನಡೆಯದು, ರಾಜ್ಯವೂ ನಡೆಯದು. ಆದರೆ ಒಪ್ಪಿಸಿದವನಿಗೆ ಮೂರು ಹೊಣೆಗಳು ತಪ್ಪುವುದಿಲ್ಲ. ಎಚ್ಚರಿಸುವವನು ಬದುಕಿರುವನೆ ಎಂದು ಆಗಾಗ ವಿಚಾರಿಸಿಕೊಳ್ಳುವುದು. ಅವನ ಮಾತು ಅಪ್ರಿಯವಾದಾಗ ಅವನ ಬಾಯಿಯನ್ನು ಮುಚ್ಚಿಸದಿರುವುದು. ಅವನು ಹೇಳಿದ ಮೇಲೆ ಗಾಡಿಯನ್ನು ನಿಲ್ಲಿಸುವುದು. ಇವು ಗಾಲಿಯ ಸೆನ್ಸರಿಗೆ ಹೇಗೋ ಹೊಲದ ಆಳಿಗೂ ಹಾಗೆಯೇ, ಮನೆಯಲ್ಲಿ ಮೆಲುದನಿಯಲ್ಲಿ ಮಾತನಾಡುವ ಹೆಂಡತಿಗೂ ಹಾಗೆಯೇ, 'ಅಪ್ಪ, ಇದು ಸರಿಯಲ್ಲ' ಎನ್ನುವ ಮಗುವಿಗೂ ಹಾಗೆಯೇ. ನಮ್ಮ ಸಂಘಸಂಸ್ಥೆಗಳಲ್ಲಿ ಲೆಕ್ಕವನ್ನು ಕೇಳುವ ಒಬ್ಬ ಸದಸ್ಯನಿಗೂ ಇದು ಅನ್ವಯಿಸುವುದೆಂದು ಸೇರಿಸಿದರೆ ತಪ್ಪಾಗಲಾರದು.

ಈಗ ನಮ್ಮ ಟ್ರೇಲರಿನಲ್ಲಿ ಜನರನ್ನು ಕೂರಿಸುವುದಿಲ್ಲ. ಗಾಡಿ ಹೊರಡಬಾರದೆಂದು ಆ ಹುಡುಗನು ಹೇಳಿದರೆ ಅದು ಹೊರಡುವುದಿಲ್ಲವೆಂದು ಅವನ ಎದುರಿನಲ್ಲಿಯೇ ಮನೆಯವರಿಗೆಲ್ಲ ತಿಳಿಸಿರುವೆನು. ಹೋದ ವರ್ಷ ಒಳ್ಳೆಯ ಧಾರಣೆಯಿದ್ದ ಒಂದು ದಿನ ಅವನು ಹಾಗೆ ಹೇಳಿದನು, ಗಾಡಿ ನಿಂತಿತು, ಮರುದಿನ ಧಾರಣೆ ಇಳಿದು ನನಗೆ ನಷ್ಟವೂ ಆಯಿತು. ಅದಕ್ಕಾಗಿ ನಾನು ಅವನನ್ನು ಬಯ್ಯಲಿಲ್ಲ. ಆದರೂ ಹೇಳುವ ಮುನ್ನ ಅವನು ಒಂದು ಕ್ಷಣ ನನ್ನ ಮುಖವನ್ನು ನೋಡುವನು. ಹೇಳಲೊ ಬೇಡವೊ ಎಂದು ತೂಗುವನು. ಸೆನ್ಸರಿನ ಬ್ಯಾಟರಿಯನ್ನು ಅರ್ಧ ಗಳಿಗೆಯಲ್ಲಿ ಬದಲಿಸಬಹುದು. ಆ ಒಂದು ಕ್ಷಣದ ಅನುಮಾನವನ್ನು ಅವನ ಮುಖದಿಂದ ತೆಗೆಯಲು ನನಗೆ ಇನ್ನೂ ಸಾಧ್ಯವಾಗಿಲ್ಲ.